ಬೆನ್ನಿಗೆ ಮಣ್ಣು ಹತ್ತದ ಹುಡುಗ

ಸನ್ನಿವೇಲ್
ನವೆಂಬರ್ 29, 2024

ತೀರ್ಥರೂಪು ತಾತನವರ ಪಾದಗಳಿಗೆ ಮೊಮ್ಮಗಳು ವಾಣಿಶ್ರೀಯ ನಮಸ್ಕಾರಗಳು.

ನಿಮ್ಮ ಕಾಗದ ದೀಪಾವಳಿಗೆ ಮುಂಚೆಯೇ ಬಂದಿತ್ತು. ಫೋನಿನಲ್ಲಿ ಮಾತಾಡಿದರೆ ನಿಮಗೆ ಕೇಳಿಸುವುದಿಲ್ಲ, ಕಾಗದವೇ ಗತಿ ಎಂದು ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದೆ. ಕ್ಷಮಿಸಿ. ಮೊದಲ ಸಾಲಿನಲ್ಲಿ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕಲ್ಲ, ಅಲ್ಲಿಗೆ ಬಂದು ಕೈ ನಿಂತುಬಿಡುತ್ತಿತ್ತು.

ನಾನೂ ನಮ್ಮವರೂ ಚೆನ್ನಾಗಿದ್ದೇವೆ. ಅವರಿಗೆ ಸಾಂಟಾ ಕ್ಲಾರಾದ ಹೋಟೆಲಿನಲ್ಲಿ ದೋಸೆ ಕಾವಲಿಯಿಂದ ಬಡ್ತಿ ಸಿಕ್ಕಿ, ಈಗ ಅಡುಗೆಮನೆಯನ್ನೇ ನೋಡಿಕೊಳ್ಳುತ್ತಾರೆ. ಶಿವರಾಮು ದೊಡ್ಡಪ್ಪನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದೇವೆ.

ನೀವು ಕೇಳಿದ್ದು ದೊಡ್ಡಪ್ಪನ ಮಗ ಲೋಹಿತನ ವಿಷಯ. ‘ಕಾಲೇಜ್ ಟೀಮಿಗೆ ಸೇರವ್ನಂತಲ್ಲ, ಬೆನ್ನಿಗೆ ಮಣ್ಣು ಹತ್ತಿತಾ ಇಲ್ವಾ, ಅಷ್ಟು ಬರಿ’ ಎಂದಿದ್ದಿರಿ. ಹತ್ತಲಿಲ್ಲ ತಾತ. ಒಂದು ಸಲವೂ ಹತ್ತಲಿಲ್ಲ.

ಇಲ್ಲಿಯವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಎದೆಗೆ ಅವುಚಿಕೊಂಡು ಒಬ್ಬ ಓಡುತ್ತಾನೆ. ಎದುರಿನವರು ಮೈಮೇಲೆ ನುಗ್ಗಿ ಅವನನ್ನು ಕೆಡವುತ್ತಾರೆ. ಮಂಡಿ ನೆಲ ಮುಟ್ಟಿದರೆ ಸೀಟಿ. ಎಲ್ಲರೂ ಎದ್ದು ಮೈ ಕೊಡವಿಕೊಂಡು ಮತ್ತೆ ಸಾಲಾಗಿ ನಿಲ್ಲುತ್ತಾರೆ. ನಿಮ್ಮ ಕುಸ್ತಿಯ ಹಾಗಲ್ಲ ತಾತ, ಈ ಆಟದಲ್ಲಿ ಬಿದ್ದವನಿಗೆ ಸೋಲಿಲ್ಲ, ಬಿದ್ದಾಗಲೇ ಅವನಿಗೆ ಉಸಿರಾಡಲು ಬಿಡುವು. ಇದೊಂದು ಮಾತನ್ನು ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ.

ಒಪ್ಪುವುದಾದರೂ ಹೇಗೆ? ಲೋಹಿತ ನಡೆಯಲು ಕಲಿತ ಮೇಲೆ ದೊಡ್ಡಪ್ಪ ಕಾರು ನಿಲ್ಲಿಸುವ ಗ್ಯಾರೇಜಿನಲ್ಲೇ ಗರಡಿ ಮಾಡಿದರಂತೆ. ಆಟದ ಮೈದಾನಕ್ಕೆ ಹಾಕುವ ಕೆಂಪು ಮಣ್ಣನ್ನು ಚೀಲಗಟ್ಟಲೆ ತಂದು, ಅರಿಸಿನ, ಮಜ್ಜಿಗೆ, ಎಣ್ಣೆ ಬೆರೆಸಿ ಹದ ಮಾಡಿದ್ದಾರೆ. ಗೋಡೆಯ ಮೇಲೆ ಹನುಮಂತನ ಪಟ. ‘ಕಾರು ಬಿಸಿಲಲ್ಲಿ, ಮಣ್ಣು ನೆರಳಲ್ಲಿ! ಯಾರಿಗಾದ್ರೂ ಹೇಳಿದ್ರೆ ನಗ್ತಾರೆ’ ಎಂದು ದೊಡ್ಡಮ್ಮ ಈಗಲೂ ಅನ್ನುತ್ತಾರೆ. ಆ ಮಣ್ಣಿನಲ್ಲಿ ಲೋಹಿತ ಕಲಿತ ಮೊದಲ ಕನ್ನಡ ನಿಮ್ಮದೇ ಮಾತು: ಪ್ರಾಣ ಹೋದರೂ ಬೆನ್ನು ಕೊಡಬೇಡ. ರಜೆಗೆ ಊರಿಗೆ ಬಂದಾಗ ನೀವು ಅವನನ್ನು ಅಖಾಡಕ್ಕೆ ಇಳಿಸಿದ್ದು ನೆನಪಿದೆಯಾ? ತನಗಿಂತ ದೊಡ್ಡ ಹುಡುಗನ ಅಡಿಯಲ್ಲಿ ಸಿಕ್ಕಿ, ಕುತ್ತಿಗೆಯ ನರ ಉಬ್ಬಿ ಮುಖ ಕಪ್ಪಿಟ್ಟರೂ ಬೆನ್ನು ಮೇಲೆತ್ತಿಯೇ ಇದ್ದ. ನೀವು ತೊಡೆ ತಟ್ಟಿ ‘ಸಾಕು ಬಿಡ್ಲಾ’ ಎಂದ ಮೇಲೆಯೇ ಸಡಿಲವಾದದ್ದು. ಉಸ್ತಾದರು ಸಾಕು ಎನ್ನುವವರೆಗೆ ಕುಸ್ತಿ ಮುಗಿಯುವುದಿಲ್ಲ ಎಂದು ನೀವೇ ಅವನ ಬೆನ್ನು ತಟ್ಟಿದಿರಿ.

ಸೆಪ್ಟೆಂಬರಿನ ಮೊದಲ ಪಂದ್ಯಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿದರೆ ಈಡುಗಾಯಿ ಒಡೆದ ಸದ್ದು. ಲೋಹಿತ ಚೆಂಡು ಹಿಡಿದು ನುಗ್ಗಿದ. ಒಬ್ಬ ಸೊಂಟಕ್ಕೆ, ಒಬ್ಬ ತೊಡೆಗೆ, ಮತ್ತೊಬ್ಬ ಕುತ್ತಿಗೆಗೆ ನೇತುಬಿದ್ದರು. ಬೇರೆ ಹುಡುಗರಾದರೆ ಮುದುರಿಕೊಂಡು ಬೀಳುತ್ತಾರೆ. ಇವನು ಮೂವರನ್ನೂ ಎಳೆದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದ. ಹೆಜ್ಜೆ ನಿಲ್ಲದ್ದರಿಂದ ಸೀಟಿಯೂ ಊದಲಿಲ್ಲ. ಬಂದಬಂದವರೆಲ್ಲ ಗುದ್ದಿದರು. ಜನ ಎದ್ದು ನಿಂತು ‘ಸ್ಟೇ ಅಪ್! ಸ್ಟೇ ಅಪ್!’ ಎಂದು ಕೂಗಿದರು. ಬೀಳಬೇಡ, ನಿಂತಿರು ಎಂದು. ದೊಡ್ಡಪ್ಪ ‘ನಮ್ದು ಗರಡಿ ಮನೆತನ ಕಣ್ರೋ!’ ಎಂದು ಗೊತ್ತಿಲ್ಲದವರಿಗೆಲ್ಲ ಕನ್ನಡದಲ್ಲೇ ಹೇಳುತ್ತಿದ್ದರು. ಲೋಹಿತ ಹೊರಗೆ ಬಂದಾಗ ಹಲ್ಲಿನ ಸಂದಿಯಲ್ಲೆಲ್ಲ ರಕ್ತ. ನಗುತ್ತಿದ್ದ.

ಅವರ ಕೋಚು ಮಾತ್ರ ನಗಲಿಲ್ಲ. ಆಟ ಮುಗಿದ ಮೇಲೆ ದೊಡ್ಡಪ್ಪನ ಹತ್ತಿರ ಬಂದು, ನಿಮ್ಮ ಮಗನಿಗೆ ಬೀಳುವುದನ್ನು ಕಲಿಸಿ, ಅವನು ನನ್ನ ಮಾತು ಕೇಳುತ್ತಿಲ್ಲ ಎಂದನಂತೆ. ದೊಡ್ಡಪ್ಪ ಕಾರಿನಲ್ಲಿ ದಾರಿಯುದ್ದಕ್ಕೂ ನಕ್ಕರು. ‘ಬೀಳೋದ ಕಲಿಸ್ಬೇಕಂತೆ! ಅದ್ಕೂ ಫೀಸ್ ಕಟ್ಬೇಕಾ?’

ಆಮೇಲಿನ ಪಂದ್ಯಗಳಲ್ಲಿ ಎದುರಿನವರಿಗೆ ಅವನನ್ನು ಬೀಳಿಸುವುದೇ ಆಟವಾಯಿತು. ಒಬ್ಬ ಹುಡುಗ ಇವನ ಭುಜಕ್ಕೆ ಡಿಕ್ಕಿ ಹೊಡೆದು ತನ್ನದೇ ಕತ್ತಿನ ಮೂಳೆ ಮುರಿದುಕೊಂಡ. ಅವನ ತಾಯಿ ಕಿರುಚಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಇನ್ನೊಬ್ಬ ನೂಕುನುಗ್ಗಲಿನ ನಡುವೆ ಲೋಹಿತನ ಬೆರಳು ಹಿಡಿದು ಹಿಂದಕ್ಕೆ ಮುರಿದ. ಲೋಹಿತ ಅವನ ಹೆಲ್ಮೆಟ್ಟಿನ ಕಂಬಿ ಹಿಡಿದೆತ್ತಿ ನೆಲಕ್ಕೆ ಅಪ್ಪಳಿಸಿದ. ಅವನ ಮೂಗು ಜಜ್ಜಿಹೋಯಿತು. ಮನೆಯಲ್ಲಿ ಒಂದು ನೊಣವನ್ನೂ ಹೊಡೆಯದ ಹುಡುಗ ಇವನು ತಾತ.

ಅಕ್ಟೋಬರಿನ ಒಂದು ಪಂದ್ಯದಲ್ಲಿ ತಲೆಗೆ ಏಟು ಬಿದ್ದ ಮೇಲೆ ಎದುರು ತಂಡದ ಬೆಂಚಿಗೆ ಹೋಗಿ ಕುಳಿತ. ಎಲ್ಲರೂ ತಮಾಷೆ ಎಂದುಕೊಂಡರು. ಮರುದಿನ ಅನ್ನದ ತಟ್ಟೆಯ ಮುಂದೆ ಕೂತು, ಊಟ ಯಾಕೆ ಕೊಡಲಿಲ್ಲ ಎಂದು ನನ್ನನ್ನೇ ಕೇಳಿದ. ದೀಪ ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಬಚ್ಚಲಲ್ಲಿ ವಾಂತಿ ಮಾಡಿದ್ದನ್ನು ನೋಡಿದೆ.

‘ಇಟ್ಸ್ ನಥಿಂಗ್, ಅಕ್ಕ. ಕೋಚ್‌ಗೆ ಗೊತ್ತಾದ್ರೆ ಬೆಂಚ್ ಮಾಡ್ತಾರೆ, ಆಡೋಕೆ ಬಿಡಲ್ಲ. ಪ್ಲೀಸ್.’

‘ಒಂದ್ಸಲ ಬಿದ್ಬಿಡೋ. ಬಿದ್ರೆ ಸೀಟಿ ಊದ್ತಾರಲ್ಲ.’

‘ಐ ಡೋಂಟ್ ಫಾಲ್. ತಾತಂಗೆ ಪ್ರಾಮಿಸ್ ಮಾಡಿದೀನಿ.’

ನಾನು ಅಂದೇ ದೊಡ್ಡಪ್ಪನಿಗೆ ಹೇಳಿದೆ. ‘ನನ್ ಕಿವಿ ಒಡ್ದು ರಕ್ತ ಸುರೀವಾಗ ನಿಮ್ತಾತ ಏನಂದ್ರು ಗೊತ್ತಾ? ಇನ್ನೊಂದು ಕಿವಿ ಅದೆಯಲ್ಲ, ಏಳ್ಲಾ ಅಂದ್ರು. ನೀನು ಹುಡುಗನ್ನ ಹೆದರಿಸ್ಬ್ಯಾಡ ಕಣವ್ವ’ ಎಂದರು. ಡಾಕ್ಟರ ಹತ್ತಿರ ಹೋಗೋಣ ಎಂದು ದೊಡ್ಡಮ್ಮ ಜಗಳವಾಡಿದರು. ಅಪ್ಪ ಮಗ ಇಬ್ಬರೂ ಕೇಳಲಿಲ್ಲ.

ಈ ತಿಂಗಳ ನಡುವಿನಲ್ಲಿ ಕೊನೆಯ ಪಂದ್ಯ. ಎದುರಿಗೆ ಕೊಲ್ಲಿಯ ಆಚೆ ದಡದ ಕಾಲೇಜು, ಹಳೆಯ ಹಗೆ. ಇಬ್ಬರು ಲೋಹಿತನ ಒಂದೊಂದು ಕಾಲು ತಬ್ಬಿದರು. ಒಬ್ಬ ಹಿಂದಿನಿಂದ ತೋಳು ಹಿಡಿದ. ಇವನು ಹೋರಿಯ ಹಾಗೆ ಸೊಂಟ ಬಗ್ಗಿಸಿ ಎಳೆಯುತ್ತಿದ್ದ. ಅಷ್ಟರಲ್ಲಿ ದೂರದಿಂದ ಒಬ್ಬ ಓಡಿ ಬಂದ. ಗಟ್ಟಿಮುಟ್ಟಾದ ಆಳು. ಕತ್ತು ತಗ್ಗಿಸಿ, ತಲೆಯಿಂದಲೇ ಇವನ ತಲೆಗೆ ಹೊಡೆದ.

ಆ ಸದ್ದು ಜನರ ಕೂಗನ್ನೂ ಮೀರಿ ಕೇಳಿಸಿತು. ಹೊಡೆದವನೇ ಬಿದ್ದುಹೋದ. ಕಾಲು ಹಿಡಿದವರು ಬಿಟ್ಟು ದೂರ ಸರಿದರು. ಚೆಂಡು ಉರುಳಿತು. ಲೋಹಿತ ನಿಂತೇ ಇದ್ದ. ಮೂಗಿನಿಂದ ರಕ್ತ ಇಳಿದು ಬಿಳಿ ಅಂಗಿ ತೊಯ್ಯುತ್ತಿತ್ತು. ಕಣ್ಣು ತೆರೆದಿದ್ದವು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಜನ ಮತ್ತೆ ಶುರುಮಾಡಿದರು, ಸ್ಟೇ ಅಪ್, ಸ್ಟೇ ಅಪ್. ದೊಡ್ಡಪ್ಪ ನನ್ನ ಭುಜ ಅಲುಗಿಸಿ ‘ನಿಂತವ್ನೆ! ನೋಡವ್ವ, ನಿಂತವ್ನೆ!’ ಎನ್ನುತ್ತಿದ್ದರು.

ಮಲಗಿಸಲು ಬಂದ ಡಾಕ್ಟರ ಬಾಯಿಗೆ ಲೋಹಿತ ಗುದ್ದಿದ. ತನ್ನ ಟೀಮಿನವರನ್ನೇ ಎತ್ತಿ ಎಸೆದ. ಕೋಚಿನ ಕೈ ಕಚ್ಚಿದ. ಆರು ಜನ ಸೇರಿ ಅವನನ್ನು ಸ್ಟ್ರೆಚರಿಗೆ ಕಟ್ಟಿದರು, ಅದೂ ಒಂದು ಪಕ್ಕಕ್ಕೆ ಹೊರಳಿಸಿ.

ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದಿದ್ದಾರೆ. ಸದ್ಯಕ್ಕೆ ಜೀವಕ್ಕೆ ಅಪಾಯ ಕಳೆದಿದೆ ಎಂದಿದ್ದಾರೆ. ಎಡಗೈ ಇನ್ನೂ ಏಳುತ್ತಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರ ಎದುರು ದೊಡ್ಡಮ್ಮ ದೊಡ್ಡಪ್ಪನ ಕೆನ್ನೆಗೆ ಹೊಡೆದರು. ಅವರು ಮುಖ ತಪ್ಪಿಸಿಕೊಳ್ಳಲಿಲ್ಲ. ಮನೆಗೆ ಬಂದು ದೊಡ್ಡಪ್ಪನೇ ಗ್ಯಾರೇಜಿನ ಮಣ್ಣನ್ನೆಲ್ಲ ಸಲಿಕೆಯಿಂದ ಬಾಚಿ ಬೀದಿಗೆ ಎಸೆದರು. ಸಲಿಕೆ ಮುರಿದ ಮೇಲೆ ಉಗುರು ಕಿತ್ತು ರಕ್ತ ಬರುವವರೆಗೂ ಕೈಯಿಂದ ಬಾಚಿದರು. ಪಟ ಮಾತ್ರ ಹಾಗೇ ಇದೆ.

ನಿಮ್ಮನ್ನು ನೋಯಿಸಲು ಬರೆದದ್ದಲ್ಲ ತಾತ. ನೀವು ಔಷಧಿ ತಪ್ಪಿಸಬೇಡಿ, ಚಳಿಯಲ್ಲಿ ಬರಿಮೈಯಲ್ಲಿ ಅಖಾಡಕ್ಕೆ ಇಳಿಯಬೇಡಿ. ನಿಮ್ಮ ಆಶೀರ್ವಾದ ಈ ಮನೆಯ ಮೇಲಿರಲಿ, ಹುಡುಗನ ತಲೆಯ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿರಲಿ.

ನಿಮ್ಮ ಪ್ರೀತಿಯ ಮೊಮ್ಮಗಳು
ವಾಣಿಶ್ರೀ

ಮರೆತ ಮಾತು: ಮರೆತದ್ದಲ್ಲ, ಇದನ್ನು ಹೇಳಲೆಂದೇ ಕಾಗದ ಶುರುಮಾಡಿದ್ದು. ಲೋಹಿತ ಬೆನ್ನ ಮೇಲೆ ಮಲಗುತ್ತಿಲ್ಲ. ಅಂಗಾತ ಮಲಗಿಸಿದರೆ ಸಾಕು, ಅರೆಪ್ರಜ್ಞೆಯಲ್ಲೇ ನರ್ಸುಗಳ ಮೇಲೆ ಎರಗುತ್ತಾನೆ. ತಲೆಯ ಹೊಲಿಗೆ ಬಿಚ್ಚಿಕೊಂಡಿದೆ. ಕೈಕಾಲು ಕಟ್ಟಿದ್ದಾರೆ, ಕಟ್ಟಿದಲ್ಲೆಲ್ಲ ಚರ್ಮ ಸುಲಿದಿದೆ. ಹೀಗೇ ಆದರೆ ಮತ್ತೆ ತಲೆಯೊಳಗೆ ರಕ್ತನಾಳ ಒಡೆಯುತ್ತದೆ, ಆಗ ನಾವೇನೂ ಮಾಡಲಾರೆವು ಎಂದಿದ್ದಾರೆ ಡಾಕ್ಟರು. ದೊಡ್ಡಪ್ಪ ಅವನ ಕಾಲು ಹಿಡಿದು ‘ಸಾಕು ಮಗ’ ಎಂದು ಅತ್ತರೂ ಕೇಳುತ್ತಿಲ್ಲ. ಬಾಯಿ ಬಿಟ್ಟಾಗ ಒಂದೇ ಮಾತು: ‘ತಾತ ಸಾಕು ಅಂದ್ರಾ?’ ಈ ಕಾಗದದ ಫೋಟೋವನ್ನು ನಿಮ್ಮ ಗರಡಿಯ ತೇಜಸ್ವಿಯ ಫೋನಿಗೆ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಅವನ ಫೋನಿನ ಮುಂದೆ ಕೂತು, ಗಟ್ಟಿಯಾಗಿ ತೊಡೆ ತಟ್ಟಿ, ಆ ಮಾತು ಹೇಳಿ. ಅವನು ರೆಕಾರ್ಡು ಮಾಡಿ ಕಳಿಸಲಿ. ಅಳುವ ದನಿಯಲ್ಲಿ ಬೇಡ ತಾತ, ಅಖಾಡದ ದನಿಯಲ್ಲೇ ಹೇಳಿ. ಇಲ್ಲದಿದ್ದರೆ ಲೋಹಿತ ನಂಬುವುದಿಲ್ಲ.