ಡಾಂಬರಿನ ಬಿಲ್ಲು ಮತ್ತು ನಮ್ಮ ಮದುವೆ

ಬ್ಯಾಡಗಿ, ಸೋಮವಾರ

ಮೈಲಾರೆಪ್ಪನವರಿಗೆ ನೀಲವ್ವ ಮಾಡುವ ನಮಸ್ಕಾರ.

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಇರಬಹುದು, ಸಿಟ್ಟಾಗಬೇಡಿ. ಐದನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಮಾತೇ ಹೊರಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮದುವೆಯನ್ನು ಮತ್ತೆ ಮುಂದೂಡಿದ್ದೀರಿ. ಡಾಲರ್ ಏರಿ ಹೊರದೇಶದ ಎಣ್ಣೆಯೂ ಡಾಂಬರೂ ತುಟ್ಟಿಯಾದವು, ಸರ್ಕಾರಕ್ಕೆ ಆದಾಯಕ್ಕಿಂತ ಖರ್ಚು ಹೆಚ್ಚಾಗಿ ನೀವು ಗುತ್ತಿಗೆ ಹಿಡಿದ ರಸ್ತೆಯ ಬಿಲ್ಲು ನಿಂತಿದೆ ಎಂದು ಅಪ್ಪನಿಗೆ ಹೇಳಿದಿರಂತೆ. ಅಜ್ಜಿ ನಗುತ್ತಾಳೆ: "ಅಂವಾ ನಿನ್ನ ಜೋಡಿ ಮದುವಿ ಆಗಾಂವೋ, ಸರ್ಕಾರದ ಜೋಡಿನೋ?"

ಅದೇ ವಾರ, ನಾನು ಮೆಣಸಿನಕಾಯಿ ತೊಟ್ಟು ಬಿಡಿಸುವಲ್ಲಿ ಸಾಹುಕಾರರು ಪೇಢಾ ಹಂಚಿದರು. "ತಗೋರಿ, ಡಾಲರ್ ಏರೈತಿ, ಹೊರದೇಶಕ್ಕ ಕಳಸೋ ಮಾಲಿಗೆ ರೊಕ್ಕ ಜಾಸ್ತಿ ಬರತೈತಿ" ಎಂದರು. ಬ್ಯಾಡಗಿಯಲ್ಲಿ ಪೇಢಾ ತಿನ್ನಿಸುವ ಡಾಲರು ನಿಮ್ಮೂರು ರಾಣೆಬೆನ್ನೂರಿನಲ್ಲಿ ಮದುವೆ ನಿಲ್ಲಿಸುತ್ತದೆಯೇ? ನಿಮ್ಮ ಮಾತು ನಿಜವೇ ಇರಬಹುದು. ಆದರೂ ಆ ಪೇಢಾ ನಾನು ತಿನ್ನದೆ ಅಜ್ಜಿಗೆ ಒಯ್ದು ಕೊಟ್ಟೆ.

ಮುಂದಿನ ತಿಂಗಳು ಹಾವೇರಿಯ ಮಠವೊಂದರಲ್ಲಿ ಸಾಮೂಹಿಕ ಮದುವೆಗಳಿವೆ. ತಾಳಿ, ಸೀರೆ, ಊಟ ಎಲ್ಲ ಮಠದವರದೇ. ಅಪ್ಪ ಒಪ್ಪಿದ್ದಾರೆ. ಅಲ್ಲಿ ಹೆಸರು ಬರೆಸಲು ನಿಮ್ಮ ಆಧಾರ್ ಕಾರ್ಡಿನ ಝೆರಾಕ್ಸ್ ಶುಕ್ರವಾರದೊಳಗೆ ಕಳಿಸಿಕೊಡಿ. ಅದೂ ಆಗುವುದಿಲ್ಲ ಎಂದರೆ, ಮದುವೆ ನಿಲ್ಲಲು ಕಾರಣ ಡಾಲರಲ್ಲ ಎಂದು ತಿಳಿದುಕೊಳ್ಳುತ್ತೇನೆ.

ಇಂದು ಬೆಳಿಗ್ಗೆ ನಿಶ್ಚಯದ ಉಂಗುರ ಬಿಚ್ಚಿಟ್ಟು ಕೆಲಸಕ್ಕೆ ಬಂದೆ. ಮೆಣಸಿನಕಾಯಿಯ ಖಾರ ಉಂಗುರದೊಳಗೆ ಸೇರಿ ಬೆರಳು ಉರಿಯುತ್ತದೆ ಎಂದು ಅಜ್ಜಿಗೆ ಹೇಳಿದೆ.

ಇಂತಿ,
ನೀಲವ್ವ