ಅಮ್ಮನ ಬೆರಳ ಗೆಣ್ಣುಗಳು

ಜಯನಗರ ೪ನೇ ಟಿ ಬ್ಲಾಕ್, ಬೆಂಗಳೂರು
೧೨ ನವೆಂಬರ್ ೧೯೮೩

ಪ್ರೀತಿಯ ಅಪ್ಪ,

ಈ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. "ಭಿಲಾಯಿಯಲ್ಲಿ ಒಬ್ಬರೇ ಇದ್ದಾರೆ, ಇದನ್ನೆಲ್ಲ ಬರ್ದು ತಲೆ ಕೆಡಿಸ್ಬೇಡ" ಎಂದು ಅಮ್ಮ ಆಣೆ ಮಾಡಿಸಿಕೊಂಡಿದ್ದಳು. ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನಾವೆಲ್ಲ ವಾತ ಎನ್ನುತ್ತಿದ್ದ ಅವಳ ಕೈನೋವು ರುಮಟಾಯ್ಡ್ ಆರ್ಥ್ರೈಟಿಸ್ ಅಂತೆ. ನಮ್ಮ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಈಗ ಮಂಡಿಯೂ ಊದಿದೆ; ಅದರಿಂದ ಸಿರಿಂಜಿನಲ್ಲಿ ನೀರು ತೆಗೆದರು. ತಿಳಿಯಾಗಿರಬೇಕಾದ ನೀರು ಕದಡಿತ್ತು. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಎಲ್ಲಿ ನೋಡಿದರೂ ಬಿಳಿ ರಕ್ತಕಣಗಳು. ರೋಗಾಣುಗಳ ಮೇಲೆ ಬೀಳಬೇಕಾದವು ಕೀಲಿನೊಳಗೆ ಸೇರಿಕೊಂಡು, ಒಂದನ್ನೊಂದು ಕೆರಳಿಸಿ, ಒಳಪೊರೆ ಊದಿಸಿ ಮೂಳೆಯನ್ನೇ ಸವೆಸುತ್ತಿವೆಯಂತೆ. ಯಾಕೆ ಕೆರಳಿದವು ಎಂದರೆ ಡಾಕ್ಟರಿಗೂ ಗೊತ್ತಿಲ್ಲ. ಕ್ಲಾಸಿನಲ್ಲಿ ಬಿಳಿ ಕಣಗಳ ಪಾಠ ಕೇಳುವಾಗ ಇಷ್ಟು ಭಯವಾಗಿರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ವಿವರಿಸಿದೆ.

"ಶತ್ರುನೇ ಇಲ್ದೆ ಜಗಳ ಆಡ್ತವಾ? ನಿಮ್ಮಪ್ಪನ ಕಡೆಯವರ ಥರಾನೇ!" ಎಂದು ನಕ್ಕಳು.

ಪಕ್ಕದ ಮನೆಯ ಈಶ್ವರಮ್ಮನವರು ಬೇರೆ, "ತಣ್ಣೀರಲ್ಲಿ ಬಟ್ಟೆ ಒಗೆದ್ರೆ ಇನ್ನೇನಾಗುತ್ತೆ ನಾಗಲಕ್ಷ್ಮಮ್ಮ? ಸೂಜಿಗೀಜಿ ಬೇಡ, ಹರಳೆಣ್ಣೆ ಹಚ್ಚಿ" ಎಂದು ಹೇಳಿ ಹೋದರು.

ಡಾಕ್ಟರು ವಾರಕ್ಕೊಂದು ಚಿನ್ನದ ಇಂಜೆಕ್ಷನ್, ನಿಜವಾಗಿಯೂ ಚಿನ್ನದ ಲವಣ ಇರುವಂಥದ್ದು, ಬರೆದಿದ್ದಾರೆ. ತಡ ಮಾಡಿದರೆ ಬೆರಳುಗಳು ಸೊಟ್ಟಗೇ ಉಳಿದುಬಿಡುತ್ತವಂತೆ. ಅಮ್ಮ, "ಚಿನ್ನ ಆದ್ರೆ ಕೊರಳಿಗೆ ಹಾಕ್ಕೋತೀನಿ, ಸೊಂಟಕ್ಕೆ ಚುಚ್ಚಿಸ್ಕೊಳಲ್ಲ" ಅನ್ನುತ್ತಾಳೆ. ಹೇಳಿ ಹೇಳಿ ನನಗೆ ಸುಸ್ತಾಗಿದೆ. ಬೆಳಿಗ್ಗೆ ಅವಳ ಕೈ ಬಿಸಿನೀರಿನಲ್ಲಿಟ್ಟು ಬೆರಳು ಬಿಡಿಸುವಷ್ಟರಲ್ಲಿ ನನ್ನ ಬಸ್ ಹೋಗಿರುತ್ತದೆ. ಓದು ಹಿಂದೆ ಬಿದ್ದಿದೆ. ನೀವು ಹೇಳಿದರೆ ಕೇಳುತ್ತಾಳೆ. ಇಂಜೆಕ್ಷನ್ ತೆಗೆದುಕೋ ಎಂದು ಅವಳ ಹೆಸರಿಗೇ ಒಂದು ಸಾಲು ಬರೆಯಿರಿ.

ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ನಿಮ್ಮ ಮಗಳು,
ಕಾತ್ಯಾಯಿನಿ

ಮತ್ತೆ: ನಿನ್ನೆ ಅವಳ ರವಿಕೆಯ ಹುಕ್ಕು ಹಾಕುತ್ತಿದ್ದೆ. ಮುಖ ಆಚೆ ತಿರುಗಿಸಿಕೊಂಡು, "ನಿಂಗೆ ಆರು ವರ್ಷ ಇದ್ದಾಗ್ಲೇ ಜಡೆ ಹಾಕೋಕೆ ನನ್ನ ಬೆರಳು ಬಗ್ತಿರ್ಲಿಲ್ಲ ಕಣೆ. ಅದಕ್ಕೇ ಹಾಸ್ಟೆಲಿಗೆ ಕಳಿಸ್ಬಿಟ್ಟೆ" ಎಂದಳು. ಇಂಗ್ಲಿಷ್ ಕಲಿಯುವುದಕ್ಕೆ ಎಂದು, ನನ್ನನ್ನು ಹಾಸ್ಟೆಲಿಗೆ ಬಿಡಲು ಹೋಗುವಾಗ ರೈಲಿನಲ್ಲಿ ನೀವು ಹೇಳಿದ್ದಿರಿ. ಅಮ್ಮನಿಗೆ ನಾನು ಬೇಡವಾಗಿದ್ದೆ ಅಂದುಕೊಂಡೇ ನಾನು ಬೆಳೆದೆ. ಅವಳ ಕೈ ವಿಷಯ ನಿಮಗೆ ಆಗಲೇ ಗೊತ್ತಿತ್ತಾ, ಅಪ್ಪ? ದಯವಿಟ್ಟು ಬೇಗ ಉತ್ತರ ಬರೆಯಿರಿ.