ಹಳೇ ಕಾರಿಗೆ ಹೊಸ ಬ್ಯಾಟರಿ ಕೂಡಿಸಿದ ಅಪರಾಧ: ಸಾರಿಗೆ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಅಧಿಕಾರಿಗಳೇ,

ಓಡುವ ಕಾರನ್ನು ಓಡಿಸಬೇಡಿ ಎಂದು ತಡೆದು, ಓಡದ ಸ್ಥಿತಿಯಲ್ಲಿ ಎಳೆದುಕೊಂಡು ಬಂದರೆ ಪಾಸ್ ಮಾಡುತ್ತೇವೆ ಎನ್ನುವ ಕಚೇರಿ ಲೋಕದಲ್ಲಿ ನಿಮ್ಮದೊಂದೇ ಇರಲಿಕ್ಕಿಲ್ಲ. ಆದರೆ ನನಗೆ ಗಂಟುಬಿದ್ದಿರುವುದು ನಿಮ್ಮದು. ನನ್ನ ಹದಿನೈದು ವರ್ಷದ ಎಲೆಕ್ಟ್ರಿಕ್ ಕಾರಿಗೆ ನಾನು ಹೊಸ ಬ್ಯಾಟರಿ ಹಾಕಿಸಿದೆ. ಆ ಒಂದೇ ಕಾರಣಕ್ಕೆ ಅದರ ನೋಂದಣಿ ನವೀಕರಣವನ್ನು ನೀವು ನಿಲ್ಲಿಸಿದ್ದೀರಿ. ಈಗ ಅದು ನ್ಯಾಮತಿಯಲ್ಲಿ ನಮ್ಮ ಮನೆಯ ಮುಂದೆ ಟಾರ್ಪಾಲು ಹೊದ್ದು, ಹಬ್ಬಕ್ಕೆ ಬಂದು ಮುನಿಸಿಕೊಂಡ ಅಳಿಯನ ಹಾಗೆ ಕೂತಿದೆ. ಅದು ಕೂತಿರುವುದರಿಂದ ಜಗಳೂರು ಕಡೆಯ ಒಬ್ಬ ಹುಡುಗಿಯ ಮದುವೆಯ ಮಾತು ನಡುದಾರಿಯಲ್ಲಿ ನಿಂತಿದೆ. ಕಾರಿಗೂ ಮದುವೆಗೂ ಎತ್ತಣ ಸಂಬಂಧ ಎಂದು ಹುಬ್ಬೇರಿಸಬೇಡಿ. ಸಂಬಂಧ ಹುಡುಕುವುದೇ ನನ್ನ ಕಸುಬು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಗಂಡು-ಹೆಣ್ಣು ಕೂಡಿಸುವ ಕೆಲಸ ನನ್ನದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನನ್ನ ಮುಖ ನೋಡಿದ ಕೂಡಲೇ ಜನ ನೆನಪಿಸಿಕೊಳ್ಳುತ್ತಾರೆ. ಆ ಗಾದೆ ಕಟ್ಟಿದವನು ಮದುವೆಯ ಊಟ ಮುಗಿಸಿ, ಎಲೆ-ಅಡಿಕೆ ಹಾಕಿಕೊಂಡು ಮನೆಗೆ ಹೋದವನೇ ಇರಬೇಕು. ಆ ಹುಡುಗಿ ಆಮೇಲೆ ಹೇಗೆ ಬಾಳಿದಳು ಎಂದು ಅವನೇನೂ ತಿರುಗಿ ಬಂದು ನೋಡಲಿಲ್ಲ. ನಾನು ಅವೇ ಊರುಗಳಲ್ಲಿ ಮತ್ತೆ ಮತ್ತೆ ತಿರುಗಬೇಕಾದವಳು. ನಾನು ಕೂಡಿಸಿದ ಹುಡುಗಿ ಸಂತೆಯಲ್ಲಿ ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋದರೆ ಆ ದಿನ ನನಗೆ ಅನ್ನ ಸೇರುವುದಿಲ್ಲ. ಆದ್ದರಿಂದ ಕಣ್ಣಾರೆ ಮನೆ ನೋಡದೆ ನಾನು ಯಾರಿಗೂ ಮಾತು ಕೊಡುವುದಿಲ್ಲ.

ಇಲ್ಲಿ ಕಾರು ಬರುತ್ತದೆ. ನನ್ನ ಎಡಗಾಲು ಚಿಕ್ಕಂದಿನಿಂದ ಸೊಟ್ಟ. ಕ್ಲಚ್ ತುಳಿಯುವ ಗಾಡಿ ನನಗೆ ಆಗದು. ಈ ಕಾರಿಗೆ ಕ್ಲಚ್ಚಿಲ್ಲ, ಗೇರಿಲ್ಲ. ಎರಡೇ ಬಾಗಿಲು, ಹಿಂದೆ ಮಕ್ಕಳು ಮಾತ್ರ ಕೂರುವಷ್ಟು ಜಾಗ. ಕೊಂಡಾಗ ನಮ್ಮ ಬೀದಿಯವರು ಇದು ಕಾರೋ ಕಾರಿನ ಮರಿಯೋ ಎಂದು ನಕ್ಕಿದ್ದರು. ನಾನು ಮಾತ್ರ ಮೊದಲ ವಾರವೇ ಅದರ ನಿಜವಾದ ಗುಣ ಕಂಡುಕೊಂಡೆ. ಅದಕ್ಕೆ ಸದ್ದಿಲ್ಲ. ಜೀಪಿನಲ್ಲಿ ಹೋದರೆ ಊರ ಅಗಸಿಯಲ್ಲಿರುವಾಗಲೇ ಗಂಡಿನ ಮನೆಯಲ್ಲಿ ಚಾಪೆ ಹಾಸಿರುತ್ತಾರೆ, ಅತ್ತೆಯಾಗುವವರು ಸೀರೆ ಬದಲಿಸಿ, ದನಿಯನ್ನೂ ಬದಲಿಸಿ ನಿಂತಿರುತ್ತಾರೆ. ನನ್ನ ಕಾರಿನಲ್ಲಿ ಹೋದರೆ ಅಂಗಳದಲ್ಲಿ ಇಳಿದು ಕೆಮ್ಮುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಕೆಮ್ಮುವ ಮುಂಚೆ ನಾನು ಐದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಆ ಐದು ನಿಮಿಷದಲ್ಲಿ ಕೇಳುವುದನ್ನು ಯಾವ ಜಾತಕವೂ ಹೇಳುವುದಿಲ್ಲ. ಹೊನ್ನಾಳಿ ಕಡೆ ಒಂದು ಮನೆಯಲ್ಲಿ ಅಪ್ಪ-ಮಗ ಇಬ್ಬರೂ ಹಿತ್ತಲಲ್ಲಿ ಕೂತು ಹಾಡು ಹೇಳಿಕೊಂಡು ಪಾತ್ರೆ ತೊಳೆಯುತ್ತಿದ್ದರು. ಕಾಫಿಗೂ ಕಾಯದೆ ಮಾತು ಕೊಟ್ಟು ಬಂದೆ. ಇನ್ನೊಂದು ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ವರ ಮಹಾಶಯ ಎಸೆದ ತಟ್ಟೆ ಕಿಟಕಿಯಿಂದ ಹಾರಿಬಂದು ನನ್ನ ಬಾನೆಟ್ಟಿನ ಮೇಲೆಯೇ ಬಿತ್ತು. ಆ ಗೀರು ಈಗಲೂ ಇದೆ. ಬೇಕಾದರೆ ಅದನ್ನೂ ವಾಹನದ ಮಾರ್ಪಾಡು ಎಂದು ಬರೆದುಕೊಳ್ಳಿ.

ಚಾರ್ಜ್ ಮಾಡುವುದರಲ್ಲೂ ಒಂದು ಪರೀಕ್ಷೆ ಇತ್ತು. ದೂರದ ಊರಿಗೆ ಹೋದಾಗ ಗಂಡಿನ ಮನೆಯಲ್ಲೇ ವೈರು ಚುಚ್ಚುತ್ತಿದ್ದೆ. ‘ಹಾಕ್ಕಳ್ರಿ ಸಾವಂತ್ರಮ್ಮ, ಊಟ ಮುಗಿಸಿಕೊಂಡು ಹೋಗ್ರಿ’ ಎನ್ನುವ ಮನೆ ಬೇರೆ. ಗಳಿಗೆಗೊಮ್ಮೆ ಎದ್ದುಹೋಗಿ ಮೀಟರ್ ನೋಡಿ ಬರುವ ಮನೆ ಬೇರೆ. ಯಾವ ಮನೆಗೆ ಹೆಣ್ಣು ಕೊಡಬೇಕೆಂದು ಇನ್ನು ನಾನು ಪಂಚಾಂಗ ತೆಗೆದು ನೋಡಬೇಕೇ?

ಕಾರಿಗೂ ವಯಸ್ಸಾಯಿತು. ಸೀಟಿನ ಕೆಳಗಿನ ಹಳೇ ಕಾಲದ ಸೀಸದ ಬ್ಯಾಟರಿಗಳು ಕೊನೆಕೊನೆಗೆ ನ್ಯಾಮತಿಯಿಂದ ಸೂರಗೊಂಡನಕೊಪ್ಪಕ್ಕೆ ಹೋಗಿ ಬರುವುದರೊಳಗೆ ಏದುಸಿರು ಬಿಡತೊಡಗಿದವು. ಕಾರು ಮಾಡಿದ ಕಂಪನಿ ಆ ಮಾದರಿಯನ್ನು ಎಂದೋ ನಿಲ್ಲಿಸಿತ್ತು. ಹೊನ್ನಾಳಿಯಲ್ಲಿ ಇನ್ವರ್ಟರ್, ಎಲೆಕ್ಟ್ರಿಕ್ ಆಟೋ ರಿಪೇರಿ ಮಾಡುವ ಪ್ರವೀಣ್ ಕುಮಾರ್ ಎಂಬ ಹುಡುಗನಿದ್ದಾನೆ. ಅವನ ಮದುವೆ ಮಾಡಿಸಿದವಳು ನಾನೇ. ಹಾಗಾಗಿ ಅವನಿಗೆ ಇಲ್ಲ ಎನ್ನುವ ಧೈರ್ಯವಿಲ್ಲ. ಅವನು ಹಳೆಯದನ್ನೆಲ್ಲ ಕಿತ್ತು, ಈಗಿನ ಹೊಸ ಲಿಥಿಯಂ ಬ್ಯಾಟರಿ ಕೂರಿಸಿದ. ಚಾರ್ಜರ್ ಬದಲಿಸಿದ. ಹಳೇ ದೇಹಕ್ಕೆ ಹೊಸ ಪ್ರಾಣ ಎಂದು ನಾವಿಬ್ಬರೂ ತೆಂಗಿನಕಾಯಿ ಒಡೆದೆವು.

ಕೂಡಿಕೆ ಅಂದಮೇಲೆ ಮೊದಮೊದಲು ಹೊಂದಾಣಿಕೆಯ ತೊಂದರೆ ಇದ್ದೇ ಇರುತ್ತದೆ. ಹಳೇ ಮೀಟರಿನ ಮುಳ್ಳಿಗೆ ಹೊಸ ಬ್ಯಾಟರಿಯ ಮನಸ್ಸು ತಿಳಿಯಲಿಲ್ಲ. ಎಷ್ಟು ಓಡಿಸಿದರೂ ‘ಪೂರ್ತಿ ತುಂಬಿದೆ’ ಎಂದೇ ತೋರಿಸುತ್ತಿದ್ದ ಮುಳ್ಳು ಒಂದು ದಿನ ಹಾಗೇ ತೋರಿಸುತ್ತಲೇ ಇದ್ದಾಗ ಕಾರು ಗದ್ದೆಯ ಬದಿಯಲ್ಲಿ ನಿಂತುಬಿಟ್ಟಿತು. ಹೊರಗೆ ನಗುಮುಖ, ಒಳಗೆ ಬರೀ ಖಾಲಿ. ಅಂಥ ಗಂಡುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅದಕ್ಕೇ ಹೆಚ್ಚು ಬೇಜಾರಾಗಲಿಲ್ಲ. ಪ್ರವೀಣ ಇನ್ನೊಂದು ಸಣ್ಣ ಮೀಟರ್ ಅಂಟಿಸಿಕೊಟ್ಟ. ಅಂದಿನಿಂದ ಕಾರಿಗೂ ಬ್ಯಾಟರಿಗೂ ಒಂದು ಜಗಳವಿಲ್ಲ, ತಕರಾರಿಲ್ಲ, ಸುಖಸಂಸಾರ. ನ್ಯಾಮತಿಯಿಂದ ಹೊರಟರೆ ಜಗಳೂರು ಮುಟ್ಟಿ ಇನ್ನೂ ಉಸಿರು ಉಳಿದಿರುತ್ತಿತ್ತು.

ಆ ಸಂಸಾರಕ್ಕೆ ಕಲ್ಲು ಹಾಕಿದ್ದು ನಿಮ್ಮ ಕಚೇರಿ. ನವೀಕರಣಕ್ಕೆಂದು ತಂದು ನಿಲ್ಲಿಸಿದಾಗ ನಿಮ್ಮ ತಪಾಸಣಾಧಿಕಾರಿಗಳು ಆರ್‌ಸಿ ಪುಸ್ತಕ ನೋಡಿದರು, ತೂಕದ ಚೀಟಿ ನೋಡಿದರು, ಮತ್ತೆ ಪುಸ್ತಕ ನೋಡಿದರು. ‘ಬ್ಯಾಟರಿ ಬೇರೆ ಐತೆ, ತೂಕ ಒಂದೂವರೆ ಕ್ವಿಂಟಾಲ್ ಕಮ್ಮಿ ಐತೆ. ಇದು ಆ ಗಾಡಿನೇ ಅಲ್ಲ ಬಿಡ್ರಿ’ ಎಂದರು. ಮೈ ಇಳಿದ ಮಾತ್ರಕ್ಕೆ ಆಳೇ ಬೇರೆಯಾಗುತ್ತಾನೆಯೇ ಸ್ವಾಮಿ? ಹಾಗಾದರೆ ಪಥ್ಯ ಮಾಡಿದವರೆಲ್ಲ ಹೊಸದಾಗಿ ಆಧಾರ್ ಮಾಡಿಸಬೇಕಾಗುತ್ತದೆ. ಕಂಪನಿಯಿಂದ ಒಪ್ಪಿಗೆ ಪತ್ರ ತನ್ನಿ ಎಂದರು. ಆ ಮಾದರಿಯನ್ನು ಮರೆತೇಬಿಟ್ಟ ಕಂಪನಿ ನನ್ನ ಮೂರು ಮೇಲ್‌ಗಳಿಗೂ ಧನ್ಯವಾದ ಹೇಳಿ ಸುಮ್ಮನಾಯಿತು.

ಆಗ ಪ್ರವೀಣನ ತಲೆಗೆ ಒಂದು ಉಪಾಯ ಹೊಳೆಯಿತು. ಅವನು ಕೆಲಸದಲ್ಲಿ ಗಟ್ಟಿಗ, ಉಪಾಯದಲ್ಲಿ ಅಷ್ಟಕ್ಕಷ್ಟೆ. ‘ತೂಕ ಕಮ್ಮಿ ಐತೆ ಅಂತ ತಾನೆ ಅಂದಿದ್ದು? ತುಂಬಿಸಿದ್ರೆ ಆತಲ್ಲ ಅಮ್ಮ’ ಎಂದ. ಕಲ್ಲು ಹಾಕಿದರೆ ಸೀಟು ಹರಿಯುತ್ತದೆ, ಮರಳು ಸೋರುತ್ತದೆ. ಚನ್ನಗಿರಿ ಸೀಮೆಯಲ್ಲಿ ತೂಕಕ್ಕೆ ನಂಬಿಕಸ್ಥ ವಸ್ತು ಎಂದರೆ ಒಂದೇ. ನನ್ನ ತಂಗಿಯ ಗಂಡ ಮಲ್ಲಿಕಾರ್ಜುನಪ್ಪನ ಮಂಡಿಯಿಂದ ಎರಡು ಚೀಲ ಅಡಿಕೆ ತಂದು ಹಿಂದೆ ಹೇರಿದೆವು. ವೇಬ್ರಿಡ್ಜಿನ ಮೇಲೆ ಅಂಕಿ ಪುಸ್ತಕಕ್ಕೆ ತಾಳೆಯಾಯಿತು. ನಿಮ್ಮ ತಪಾಸಣಾಧಿಕಾರಿಗಳು ಚೀಟಿ ನೋಡಿ ತಲೆದೂಗಿದರು, ಆಮೇಲೆ ಕಿಟಕಿಯಲ್ಲಿ ಇಣುಕಿದರು. ‘ಏನ್ರೀ ಇದು, ಖಾಸಗಿ ಕಾರಲ್ಲಿ ಅಡಿಕೆ ಸಾಗಿಸ್ತಿದೀರಲ್ಲ. ಬಿಲ್ ಎಲ್ಲೈತೆ?’ ಎಂದರು. ಬ್ಯಾಟರಿಯ ಅಪರಾಧಿಯಾಗಿ ಹೋದವಳು ಅಡಿಕೆ ಕಳ್ಳಸಾಗಣೆಯ ಆರೋಪಿಯಾಗಿ ನಿಂತೆ. ಪ್ರವೀಣ ‘ಅದು ಸರಕಲ್ಲ ಸಾರ್, ತೂಕ’ ಎಂದು ವಿವರಿಸಲು ಹೋಗಿ ಇದ್ದ ಮಾನವನ್ನೂ ಕಳೆದ. ಮಲ್ಲಿಕಾರ್ಜುನಪ್ಪ ಬಿಲ್ ಹಿಡಿದುಕೊಂಡು ಓಡಿಬಂದದ್ದರಿಂದ ಅಂದು ಮನೆಯ ಊಟ ಮಾಡಿದೆ. ಈ ಪ್ರಸಂಗದಲ್ಲಿ ನಿಮ್ಮವರದು ತಪ್ಪಿಲ್ಲ, ಒಪ್ಪುತ್ತೇನೆ. ಹೇಳುವಾಗ ಈಗಲೂ ನನಗೇ ನಗು ತಡೆಯಲಾಗುವುದಿಲ್ಲ.

ನಗು ನಿಂತದ್ದು ಆಮೇಲೆ. ‘ಒಂದ್ ಕೆಲ್ಸ ಮಾಡ್ರಿ, ಹಳೇ ಬ್ಯಾಟರಿನೇ ಹಾಕ್ಕೊಂಡು ಬರ್ರಿ, ಪಾಸ್ ಮಾಡ್ತೀವಿ’ ಎಂದರು. ಅದು ಸತ್ತುಹೋಗಿದೆ, ಅದನ್ನು ಹಾಕಿದರೆ ಕಾರು ಬರುವುದು ಹೇಗೆ ಎಂದೆ. ‘ಟ್ರ್ಯಾಕ್ಟರಿಗೆ ಕಟ್ಟಿ ಎಳ್ಕೊಂಡು ಬರ್ರಿ’ ಎಂದರು. ಅವರು ತಮಾಷೆ ಮಾಡಲಿಲ್ಲ. ನನಗೆ ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದರು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಮಾನ್ಯರೇ, ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ. ಕಂಡಕಂಡವರು ಕಂಡಕಂಡ ಬ್ಯಾಟರಿ ತುಂಬಿಕೊಂಡು ನಡುರಸ್ತೆಯಲ್ಲಿ ಬೆಂಕಿ ಹಚ್ಚಿಕೊಂಡರೆ ಯಾರು ಹೊಣೆ? ಬ್ಯಾಟರಿ ಸರಿಯಾಗಿ ಕೂತಿದೆಯೇ, ವೈರು ಬಿಸಿಯಾಗುತ್ತದೆಯೇ, ಮೈ ಹಗುರಾದ ಕಾರಿನ ಬ್ರೇಕು ಹೇಗೆ ಹಿಡಿಯುತ್ತದೆ, ಇವನ್ನೆಲ್ಲ ನೀವು ನೋಡಲೇಬೇಕು. ನನ್ನ ದೂರು ಇಷ್ಟೇ: ನಿಮ್ಮವರು ಇದ್ಯಾವುದನ್ನೂ ನೋಡಲಿಲ್ಲ. ಸೀಟು ಎತ್ತಲಿಲ್ಲ, ಬ್ರೇಕು ತುಳಿಯಲಿಲ್ಲ, ಒಂದು ಸುತ್ತು ಕೂತು ಬರಲಿಲ್ಲ. ಜಾತಕ ನೋಡಿದರು, ಹುಡುಗನನ್ನು ನೋಡಲಿಲ್ಲ. ನೋಡಿದ ಮೇಲೆ ಬೇಡವೆಂದರೆ ನಾನು ತಲೆ ಬಾಗಿಸಿ ಕಾರನ್ನು ಗುಜರಿಗೆ ಕೊಡುತ್ತಿದ್ದೆ, ಅತ್ತುಕೊಂಡಾದರೂ.

ಇನ್ನು ಆ ಹುಡುಗಿಯ ವಿಷಯ. ಅವಳನ್ನು ಸೊಕ್ಕೆಯ ಶೈಲಾ ಎನ್ನೋಣ, ಗಂಡಿನ ಮನೆಯನ್ನು ಉಬ್ರಾಣಿಯದು ಎನ್ನೋಣ. ಹೆಸರೂ ಊರೂ ಎರಡನ್ನೂ ಬದಲಿಸಿದ್ದೇನೆ. ಸೊಕ್ಕೆಯವರೂ ಉಬ್ರಾಣಿಯವರೂ ನನ್ನ ಮೇಲೆ ಕೋಪ ಮಾಡಿಕೊಳ್ಳಬಾರದು. ಶೈಲಾ ಹೊಲಿಗೆ ಕಲಿಸಿ ತನ್ನ ಕಾಲ ಮೇಲೆ ನಿಂತಿರುವ ಹುಡುಗಿ, ತಾಯಿಗೆ ಒಬ್ಬಳೇ ಮಗಳು. ಗಂಡು ಚೆನ್ನಾಗಿದ್ದಾನೆ, ಜಾತಕ ಕೂಡಿದೆ, ದೀಪಾವಳಿ ಕಳೆದ ಮೇಲೆ ಹೂ ಮುಡಿಸುವ ಶಾಸ್ತ್ರ ಎಂದು ಎರಡೂ ಕಡೆ ಮಾತಾಗಿದೆ. ಕಾರು ಇಲ್ಲವಲ್ಲ, ಬಾಡಿಗೆ ಜೀಪಿನಲ್ಲಿ ಮನೆ ನೋಡಲು ಹೋದೆ. ಡ್ರೈವರ್ ಊರ ಬಾಗಿಲಿನಿಂದಲೇ ಹಾರ್ನ್ ಹೊಡೆದ. ಹೋಗುವಷ್ಟರಲ್ಲಿ ಉಪ್ಪಿಟ್ಟು, ಕೇಸರಿಬಾತು, ರೇಷ್ಮೆ ಸೀರೆ, ‘ಬರ್ರಿ ಬರ್ರಿ, ನಿಮ್ಮದೇ ಮನೆ’. ಎಲ್ಲ ಸರಿಯಾಗಿತ್ತು. ಆದರೆ ಆ ಮನೆಯ ಹಿರಿಸೊಸೆ ನೀರು ತಂದುಕೊಟ್ಟಳು. ‘ಹೆಂಗಿದೀಯಮ್ಮ?’ ಎಂದೆ. ಅವಳು ಮೊದಲು ಅತ್ತೆಯ ಮುಖ ನೋಡಿದಳು, ಆಮೇಲೆ ‘ಚೆನ್ನಾಗಿದೀನಿ’ ಎಂದಳು.

ಅದು ನಾಚಿಕೆಯೋ ಹೆದರಿಕೆಯೋ ನನಗೆ ತಿಳಿಯಲಿಲ್ಲ. ಇಷ್ಟು ವರ್ಷ ಇದೇ ಕಸುಬು ಮಾಡಿದವಳಿಗೂ ತಿಳಿಯಲಿಲ್ಲ. ನಾಚಿಕೆಯಾಗಿದ್ದರೆ ಸುಮ್ಮನೆ ಅನುಮಾನಪಟ್ಟು ಒಂದು ಒಳ್ಳೆಯ ಸಂಬಂಧ ಕೆಡಿಸಿದ ಪಾಪ ನನಗೆ. ಹೆದರಿಕೆಯಾಗಿದ್ದರೆ ಶೈಲಾಳನ್ನು ಕೈಹಿಡಿದು ಆ ಮನೆಯೊಳಗೆ ಬಿಟ್ಟು ಬಂದ ಪಾಪ ನನಗೆ. ಮೊನ್ನೆ ಅವಳೇ ಫೋನ್ ಮಾಡಿದ್ದಳು. ‘ದೊಡ್ಡಮ್ಮ, ನಮ್ಮವ್ವ ದಿನಾ ಕೇಳ್ತಾಳೆ. ನೀವು ನೋಡಿ ಹೂಂ ಅಂದ್ರೆ ನಾನೂ ಹೂಂ ಅಂತೀನಿ. ಕೇಳಾಕೆ ನನಗೆ ಬೇರೆ ಯಾರಿದಾರೆ?’ ಎಂದಳು. ಫೋನ್ ಇಟ್ಟ ಮೇಲೆ ಟಾರ್ಪಾಲು ಸರಿಸಿ ಕಾರಿನೊಳಗೆ ಸ್ವಲ್ಪ ಹೊತ್ತು ಕೂತಿದ್ದೆ. ಸಂಕಟವಾಯಿತು, ಮುಚ್ಚಿಡುವುದೇನು.

ಈ ಪತ್ರ ಬರೆದು ನನ್ನ ಕಸುಬಿನ ಗುಟ್ಟನ್ನು ನಾನೇ ಬೀದಿಗೆ ಇಟ್ಟಿದ್ದೇನೆ. ಇನ್ನು ಮೇಲೆ ನಾಲ್ಕು ತಾಲ್ಲೂಕಿನ ಅತ್ತೆಯರು ನಾನು ಯಾವಾಗ ಅಂಗಳದಲ್ಲಿ ನಿಂತಿರುತ್ತೇನೋ ಎಂದು ವರ್ಷವಿಡೀ ಒಳ್ಳೆಯ ಮಾತನ್ನೇ ಆಡಬೇಕಾಗುತ್ತದೆ. ಸರ್ಕಾರದ ಯಾವ ಯೋಜನೆಯಿಂದಲೂ ಆಗದ ಉಪಕಾರ ಅದು. ಅದಕ್ಕೆ ನಾನು ಸನ್ಮಾನ ಕೇಳುತ್ತಿಲ್ಲ. ಕೇಳುವುದು ಇಷ್ಟು. ಹಳೇ ಗಾಡಿಗೆ ಹೊಸ ಬ್ಯಾಟರಿ ಹಾಕಿಸಿದವರು ಬಂದರೆ ಕಾಗದದ ಜೊತೆಗೆ ಗಾಡಿಯನ್ನೂ ನೋಡಿ. ಸುರಕ್ಷಿತವಾಗಿದ್ದರೆ ಹೊಸ ಬ್ಯಾಟರಿಯನ್ನೂ ಹೊಸ ತೂಕವನ್ನೂ ಪುಸ್ತಕದಲ್ಲಿ ಬರೆದುಕೊಡಿ. ಇಲ್ಲದಿದ್ದರೆ ಏನು ಸರಿಯಿಲ್ಲ ಎಂದು ಹೇಳಿ, ಸರಿ ಮಾಡಿಸುತ್ತೇವೆ.

ನನ್ನ ಕಾರಿನ ಮಟ್ಟಿಗೆ ಇನ್ನೊಂದು ಬಿನ್ನಹವಿದೆ. ತಪಾಸಣೆಗೆ ನೀವೇ ಬನ್ನಿ. ಪಕ್ಕದ ಸೀಟಿನಲ್ಲಿ ಕೂರಿ, ಬೇಕೆಂದಲ್ಲಿ ಬ್ರೇಕ್ ಹಾಕಿಸಿ, ಏರು ಹತ್ತಿಸಿ, ಇಳಿಜಾರು ಇಳಿಸಿ. ಹಾಗೇ ಉಬ್ರಾಣಿ ಎಂದು ನಾನು ಕರೆದ ಆ ಊರಿನವರೆಗೆ ಹೋಗಿಬರೋಣ. ಆ ಅಂಗಳದಲ್ಲಿ ಇಬ್ಬರೂ ಐದು ನಿಮಿಷ ಸುಮ್ಮನೆ ನಿಲ್ಲೋಣ. ಒಳಗಿನಿಂದ ಆ ಹಿರಿಸೊಸೆಯ ನಗು ಕೇಳಿದರೆ ನಾನು ಶೈಲಾಗೆ ಹೂಂ ಎನ್ನುತ್ತೇನೆ, ನೀವು ನನ್ನ ಕಾರಿಗೆ ಹೂಂ ಎನ್ನಿ. ನಗು ಕೇಳದೆ ಬೇರೇನಾದರೂ ಕೇಳಿಸಿದರೆ ಹೋದ ಹಾಗೆಯೇ ಸದ್ದಿಲ್ಲದೆ ತಿರುಗಿ ಬರೋಣ. ಆಗಂತೂ ಕಾರಿಗೆ ನೀವು ಹೂಂ ಎನ್ನಲೇಬೇಕಾಗುತ್ತದೆ; ಅದರ ದೆಸೆಯಿಂದ ಒಬ್ಬಳು ಹುಡುಗಿ ಪಾರಾಗಿರುತ್ತಾಳೆ.

ಇಂತಿ,
ನೋಡದೆ ಯಾರಿಗೂ ಊಹೂಂ ಎನ್ನದ,
ಸದ್ಯಕ್ಕೆ ಬಸ್ ನಿಲ್ದಾಣದಲ್ಲಿ ಸೊಟ್ಟಗಾಲು ನೀವಿಕೊಳ್ಳುತ್ತ ಕೂತಿರುವ
ಸಾವಂತ್ರಮ್ಮ, ನ್ಯಾಮತಿ